ಜಪಾನಿ ಮೇಪಲ್ ಸಸಿ: ಪೆಟ್ಟಿಗೆಯಲ್ಲೇ ಬೆಳೆಸುವುದಾ, ನೆಲಕ್ಕೆ ಹಾಕುವುದಾ?

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ, ಕೆಲಸದ ಕಾರಣ ಈಗ ಇರುವುದು ನೀಲಗಿರಿಯ ಕೇತ್ತಿಯಲ್ಲಿ. ಅಡಿಕೆ, ತೆಂಗು, ಕೊಕ್ಕೋ ಬಿಟ್ಟು ಬೇರೆ ಎಂತ ಗೊತ್ತಿಲ್ಲದವನಿಗೆ ಇಲ್ಲಿಯ ಚಳಿ ನೋಡಿ ಬೋನ್ಸಾಯ್ ಹುಚ್ಚು ಹಿಡಿದಿದೆ. ಊರಲ್ಲಿ ಕನಸಿನಲ್ಲೂ ಆಗದ ಗಿಡವನ್ನೇ ಬೆಳೆಸುವ ಅಂತ ಜಪಾನಿ ಮೇಪಲ್ ಬೀಜ ತರಿಸಿದ್ದೆ. ಒಂದು ರಾತ್ರಿ ನೀರಲ್ಲಿ ನೆನೆಸಿ, ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಹುಡಿ) ಜೊತೆ ಚೀಲದಲ್ಲಿ ಕಟ್ಟಿ, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಮೂರು ತಿಂಗಳು ಇಟ್ಟದ್ದು. ಒಂದು ದಿನ ಮನೆಯವಳು ಎಂತದೋ ಹಾಳಾದ ಸಾಮಾನು ಅಂತ ಎತ್ತಿ ಬಿಸಾಡಲಿಕ್ಕೆ ಹೊರಟಿದ್ದಳು, ಅದು ಬೇರೆ ಕಥೆ. ಮೊಳಕೆ ಚೆನ್ನಾಗಿಯೇ ಬಂತು. ಈಗ ಎರಡು ವರ್ಷದ ಸಸಿಗಳು ಮೂವತ್ತರ ಹತ್ತಿರ ಉಂಟು. ನಾಲ್ಕೈದು ಪೆನ್ಸಿಲಿನಷ್ಟು ದಪ್ಪ ಆಗಿವೆ, ಉಳಿದವು ಅದರ ಅರ್ಧ. ಎಲ್ಲವೂ ಸಣ್ಣ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲೇ ಇವೆ, ಬೇರು ಒಳಗೆ ಸುತ್ತು ಹಾಕಲಿಕ್ಕೆ ಶುರು ಮಾಡಿದೆ.

ಈಗ ಪ್ರಶ್ನೆ. ಬಾಡಿಗೆ ಮನೆಯ ಹಿಂದೆ ಎರಡು ತಟ್ಟು ಜಾಗ ಖಾಲಿ ಉಂಟು. ಮನೆ ಯಜಮಾನರು ಅದರಲ್ಲಿ ಬಹಳ ವರ್ಷ ಬಟಾಟೆ ಹಾಕುತ್ತಿದ್ದರಂತೆ, ಈಗ ಕೈಯಲ್ಲಿ ಆಗುವುದಿಲ್ಲ ಅಂತ ಬಿಟ್ಟಿದ್ದಾರೆ. "ಏನು ಬೇಕಾದರೂ ನೆಡಿ" ಅಂದಿದ್ದಾರೆ. ಮಣ್ಣು ಕೆಂಪು, ಸ್ವಲ್ಪ ಜೇಡಿ. ಕೆಳಗಿನ ತಟ್ಟಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿರುತ್ತದೆ. ರಾತ್ರಿ ಕಾಟಿ (ಕಾಡುಕೋಣ) ಬರುವುದುಂಟು.

ವಿಡಿಯೋ ನೋಡಿದರೆ ಒಬ್ಬ ಹೇಳುತ್ತಾನೆ, ನೆಲಕ್ಕೆ ಹಾಕದೆ ಬುಡ ದಪ್ಪ ಆಗುವುದೇ ಇಲ್ಲ ಅಂತ. ಇನ್ನೊಬ್ಬ ಹೇಳುತ್ತಾನೆ, ಮರದ ಪೆಟ್ಟಿಗೆಯಲ್ಲಿ ಬೆಳೆಸಿದರೆ ಮಾತ್ರ ಬೇರು ಚಂದ ಅಂತ. ನನಗೆ ಬೇಕಾದದ್ದು ಒಂದು ಅಡಿ ಎತ್ತರದೊಳಗಿನ, ಬುಡ ಗಟ್ಟಿ ಕಾಣುವ ಮರ. ಅವಸರ ಇಲ್ಲ. ಆದರೆ ಹತ್ತು ವರ್ಷ ಕಳೆದ ಮೇಲೆ "ಮೊದಲೇ ಬೇರೆ ರೀತಿ ಮಾಡಬೇಕಿತ್ತು ಮಾರಾಯ" ಅಂತ ಆಗಬಾರದು. ಮೊಗ್ಗು ಇನ್ನೂ ಒಡೆದಿಲ್ಲ. ಗೊತ್ತಿದ್ದವರು ಹೇಳಿ.

ಹೊಸೂರು ಕ್ರೇಟ್:

ಸಾರ್, ಪೆಟ್ಟಿಗೆ ಮಾಡಿಸೋಕೆ ಬಡಗಿ ಹುಡುಕ್ಕೊಂಡು ಹೋಗ್ಬೇಡಿ. ಟೊಮೇಟೊ ಕ್ರೇಟ್ ತಗೊಳಿ. ನಮ್ ಹೊಸೂರು ಮಾರ್ಕೆಟ್‌ನಲ್ಲಿ ಅಂಚು ಒಡೆದ ಹಳೆ ಕ್ರೇಟ್ ಕೇಳಿದ್ರೆ ಅಗ್ಗಕ್ಕೆ ಕೊಡ್ತಾರೆ, ನಿಮ್ಮಲ್ಲೂ ಕ್ಯಾರೆಟ್ ಮಂಡಿ ಕಡೆ ಸಿಗುತ್ತೆ. ಎತ್ತರ ಕಡಿಮೆ ಆಗೋ ಹಾಗೆ ಕೊಯ್ದು ಹಾಕಿ, ಒಳಗೆ ಶೇಡ್ ನೆಟ್ ಹಾಸಿ, ದಪ್ಪ ಕಾಳಿನ ಮಿಶ್ರಣ ತುಂಬಿ. ಸುತ್ತ ತೂತು ಇರೋದ್ರಿಂದ ಬೇರು ಗೋಡೆ ಹತ್ರ ಬಂದು ಗಾಳಿ ಕಂಡ ತಕ್ಷಣ ತುದಿ ಒಣಗುತ್ತೆ, ಹಿಂದಿನಿಂದ ಹತ್ತು ಹೊಸ ಬೇರು ಒಡೆಯುತ್ತೆ. ಪ್ಲಾಸ್ಟಿಕ್ ಕುಂಡದಲ್ಲಿ ಅದೇ ಬೇರು ಸುತ್ತಿ ಸುತ್ತಿ ಗಂಟು ಹಾಕ್ಕೊಳುತ್ತೆ.

ದಪ್ಪ ಬೇಕು ಅಂದ್ರೆ ಇನ್ನೊಂದು ಉಪಾಯ. ಕ್ರೇಟನ್ನ ನೇರ ಮಣ್ಣಿನ ಮೇಲೆ ಇಡಿ. ಒಂದು ವರ್ಷದಲ್ಲಿ ತಳದ ತೂತಿಂದ ಬೇರು ನೆಲಕ್ಕೆ ಇಳಿದು ಗಿಡ ನೆಲದ ಗಿಡದ ಹಾಗೇ ಎದ್ದು ನಿಲ್ಲುತ್ತೆ. ಸಾಕು ಅನ್ನಿಸಿದಾಗ ಕ್ರೇಟ್ ಕೆಳಗೆ ಗರಗಸ ಆಡಿಸಿ ಎತ್ಕೊಳಿ. ನೆಲದ ಬೆಳವಣಿಗೆ, ಪೆಟ್ಟಿಗೆ ಬೇರು, ಎರಡೂ ಸಿಗುತ್ತೆ. ನಾನು ಚೈನೀಸ್ ಎಲ್ಮ್‌ಗೆ ಇದನ್ನೇ ಮಾಡೋದು.

ಮೇಪಲ್ ವಿಷಯಕ್ಕೆ ಬಂದ್ರೆ ನಮ್ಮಲ್ಲಿ ಅದು ಬದುಕಿದೆ ಅಷ್ಟೇ. ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 900 ಮೀಟರ್ ಎತ್ತರ ಇದ್ರೂ ಏಪ್ರಿಲ್ ಬಿಸಿಲಿಗೆ, ಅದಕ್ಕಿಂತ ಹೆಚ್ಚಾಗಿ ಬೋರ್‌ವೆಲ್ ನೀರಿನ ಉಪ್ಪಿಗೆ, ಎಲೆ ಅಂಚು ಸುಟ್ಟುಹೋಗುತ್ತೆ. ನಿಮ್ಮ ಜಾಗ ನೋಡಿದ್ರೆ ಹೊಟ್ಟೆ ಉರಿಯುತ್ತೆ ಸಾರ್.

ಪೆರ್ಲದ ತೋಟದವ:

ಬದಿಯಡ್ಕದವರೇ, ನಮ್ಮ ಊರಿನವರು ಒಬ್ಬರು ಮೇಪಲ್ ಬೆಳೆಸುವುದು ಕೇಳಿ ಖುಷಿ ಆಯಿತು. ನಾಲ್ಕು ಸಸಿ ನನಗೂ ಕೊಡಿ ಮಾರಾಯ್ರೇ, ತೋಟದ ನೆರಳಿನಲ್ಲಿ, ತೋಡಿನ ಬದಿಯಲ್ಲಿ ನೆಟ್ಟು ನೋಡುವ. ತಂಪು ಉಂಟು.

ಪೆಟ್ಟಿಗೆಯ ಬಗ್ಗೆ ನನ್ನದೊಂದು ಮಾತು. ನಾನು ಗೋಳಿಯದ್ದು, ಅಂದರೆ ಆಲದ ಜಾತಿಯ ಮರದ್ದು, ಬೋನ್ಸಾಯ್ ಮಾಡುವವ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ಗೋಳಿಯನ್ನು ನೆಲಕ್ಕೆ ಹಾಕಿದರೆ ಬೇರು ಕಲ್ಲಿನ ಸಂದಿಗೆ ಇಳಿದು ಕೂರುತ್ತದೆ, ಆಮೇಲೆ ಹಾರೆ ಹಿಡಿದು ಕಲ್ಲನ್ನೇ ಒಡೆಯಬೇಕು. ಬುಡ ಬಂದರೆ ಬೇರಿಲ್ಲ, ಬೇರು ಬಂದರೆ ಬುಡ ಸೀಳಿರುತ್ತದೆ. ಆದ್ದರಿಂದ ಅಡಿಕೆ ಮರದ ಸೀಳು ಜೋಡಿಸಿ ಪೆಟ್ಟಿಗೆ ಹೊಡೆದು ಅದರಲ್ಲೇ ಬೆಳೆಸುವುದು. ಖರ್ಚಿಲ್ಲ. ಎರಡು ಮಳೆಗಾಲಕ್ಕೆ ಸೀಳು ಕುಂಬಾಗಿ ಉದುರುತ್ತದೆ, ಅಷ್ಟರಲ್ಲಿ ಹೇಗೂ ಮಣ್ಣು ಬದಲಿಸುವ ಸಮಯ ಆಗಿರುತ್ತದೆ.

ಕೋತಗಿರಿ ಸೊಸೆ:

ಮೊದಲು ಪೆರ್ಲದವ್ರಿಗೆ ಎರಡು ಮಾತು. ನೆರಳು, ತಂಪು ಎರಡೂ ಇದ್ರೂ ಸಾಲದು ಅಣ್ಣ. ಜಪಾನಿ ಮೇಪಲ್‌ಗೆ ನಿದ್ದೆ ಬೇಕು. ಚಳಿಗಾಲದಲ್ಲಿ ವಾರಗಟ್ಟಲೆ ಶೀತ ಸಿಕ್ಕಿದ್ರೇ ಅದು ಎಲೆ ಉದುರಿಸಿ, ಮಲಗಿ, ಮೊಗ್ಗು ಸರಿಯಾಗಿ ಒಡೆಯೋದು. ಕಾಸರಗೋಡಲ್ಲಿ ಜನವರಿ ರಾತ್ರಿಯೂ 20 ಡಿಗ್ರಿ ಆಸುಪಾಸು. ಮೊದಲ ವರ್ಷ ನಗುತ್ತೆ, ಎರಡನೇ ವರ್ಷ ಎಲೆ ಸಣ್ಣ ಆಗುತ್ತೆ, ಆಮೇಲೆ ತುದಿಯಿಂದ ಒಣಗ್ತಾ ಬರುತ್ತೆ. ಸಸಿ ಮೇಲೆ ಕರುಣೆ ಇದ್ರೆ ಕೇಳಬೇಡಿ. ನಿಮ್ಮ ಗೋಳಿ ಚೆಂದ, ಅದನ್ನೇ ಮಾಡಿ.

ಈಗ ಬದಿಯಡ್ಕದವ್ರ ಪ್ರಶ್ನೆ. ನಾನು ಗುಂಡ್ಲುಪೇಟೆ ಕಡೆಯವಳು, ಮದುವೆಯಾಗಿ ಕೋತಗಿರಿಗೆ ಬಂದ ಮೇಲೆ ಮಾವನವರ ನರ್ಸರಿಯಲ್ಲೇ ಕೈ ಮಣ್ಣು ಮಾಡ್ಕೊಂಡವಳು. ಎಲ್ರೂ ಪೆಟ್ಟಿಗೆ ಹೇಗಿರಬೇಕು ಅಂತ ಮಾತಾಡ್ತಾ ಇದೀರ. ನೀವು ಬರೆದಿದ್ರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ: ಬಹಳ ವರ್ಷ ಆಲೂಗೆಡ್ಡೆ ಬೆಳೆದ ಜಾಗ.

ಆ ಮಣ್ಣಿಗೆ ಮೇಪಲ್ ಹಾಕಬೇಡಿ.

ಕಾರಣ ವರ್ಟಿಸಿಲಿಯಮ್ ಅನ್ನೋ ಶಿಲೀಂಧ್ರ. ಆಲೂಗೆಡ್ಡೆ, ಟೊಮೇಟೊ, ಬದನೆ, ಸ್ಟ್ರಾಬೆರಿ ಇವೆಲ್ಲ ಅದರ ಮನೆ. ಗಿಡ ಸತ್ತ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಗಂಟುಗಳಾಗಿ ಮಣ್ಣಲ್ಲಿ ಕೂತಿರುತ್ತೆ, ಹತ್ತು ವರ್ಷ ದಾಟಿದ್ರೂ ಜೀವ ಇರುತ್ತೆ. ಮರಗಳಲ್ಲಿ ಅದಕ್ಕೆ ಬಹಳ ಇಷ್ಟ ಆಗೋದು ಮೇಪಲ್ ಜಾತಿ. ಬೇರಿನ ಮೂಲಕ ಒಳಗೆ ಹೋಗಿ ನೀರು ಏರೋ ನಾಳಗಳನ್ನ ಕಟ್ಟುತ್ತೆ. ಚೆನ್ನಾಗಿದ್ದ ಗಿಡದಲ್ಲಿ ಒಂದೇ ಒಂದು ಕೊಂಬೆ ಇದ್ದಕ್ಕಿದ್ದ ಹಾಗೆ ಬಾಡುತ್ತೆ, ನೀರು ಹಾಕಿದ್ರೂ ಏಳಲ್ಲ. ಕತ್ತರಿಸಿ ನೋಡಿದ್ರೆ ಕಟ್ಟಿಗೆ ಒಳಗೆ ಕಪ್ಪು ಹಸಿರು ಗೀರು ಕಾಣುತ್ತೆ. ಅದಕ್ಕೆ ಔಷಧಿ ಇಲ್ಲ. ನಿಮ್ಮ ತಾಕಲ್ಲಿ ಅದು ಇದ್ದೇ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಆರು ವರ್ಷ ಬೆಳೆಸಿ ಬುಡ ಮಣಿಕಟ್ಟಿನಷ್ಟು ದಪ್ಪ ಆದ ಮೇಲೆ ಅರ್ಧ ಮರ ಒಣಗಿದ್ರೆ ಆಗ ಗೊತ್ತಾಗೋದು ಬೇಡ.

ಕೆಲವ್ರು ಮಣ್ಣಿನ ಮೇಲೆ ಪಾಲಿಥೀನ್ ಹೊದಿಸಿ ಬಿಸಿಲಿಗೆ ಬೇಯಿಸಿ ಅಂತಾರೆ. ಹೊಸೂರಲ್ಲಿ ಮೇ ತಿಂಗಳಲ್ಲಿ ಅದು ಸ್ವಲ್ಪ ನಡೆದೀತು. ಕೇತ್ತಿ ಬಿಸಿಲಿಗೆ ಮಣ್ಣು ಅಷ್ಟು ಕಾಯಲ್ಲ. ಹಾಗೇ ಈ ಬೆಟ್ಟದ ಆಲೂಗೆಡ್ಡೆ ಮಣ್ಣಲ್ಲಿ 1961ರಲ್ಲಿ ಸಿಕ್ಕಿದ ಚಿನ್ನದ ಬಣ್ಣದ ಗಂಟಿನ ಜಂತುಹುಳದ ಬಗ್ಗೆಯೂ ಕೇಳಿರ್ತೀರ. ಅದು ಆಲೂಗೆಡ್ಡೆ ಕುಟುಂಬಕ್ಕಷ್ಟೇ, ಮೇಪಲ್‌ಗೆ ಏನೂ ಮಾಡಲ್ಲ. ಆದ್ರೆ ಆ ಮಣ್ಣಿನ ಸಮೇತ ಗಿಡ ಊರಿಗೆ ಒಯ್ಯೋದು, ಸ್ನೇಹಿತರಿಗೆ ಕೊಡೋದು ಮಾಡಬೇಡಿ.

ಹೊಸೂರಿನವ್ರು ಹೇಳಿದ ಕ್ರೇಟನ್ನ ಮಣ್ಣಿನ ಮೇಲೆ ಇಡೋ ಉಪಾಯ ಒಳ್ಳೆದೇ, ಎಲ್ಮ್‌ಗೆ ನಾನೂ ಒಪ್ತೀನಿ. ಆದ್ರೆ ಈ ಜಾಗದಲ್ಲಿ ತಳದಿಂದ ಇಳಿದ ಬೇರು ಹೋಗೋದು ಅದೇ ಮಣ್ಣಿಗೆ. ಹಾಗಾಗಿ ಕ್ರೇಟ್ ಇಡೋದಾದ್ರೆ ಇಟ್ಟಿಗೆ ಮೇಲೆ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ. ಮಳೆ ಹೊಡೆದಾಗ ಮಣ್ಣು ಸಿಡಿದು ಒಳಗೆ ಬೀಳಬಾರದು.

ಇನ್ನು ನೆಲಕ್ಕೆ ಹಾಕಿದ್ರೇ ದಪ್ಪ ಅನ್ನೋ ಮಾತು. ಸುಳ್ಳಲ್ಲ. ಬುಡ ದಪ್ಪ ಆಗೋದು ಮೇಲೆ ಎಷ್ಟು ಎಲೆ ಇದೆ, ಕೆಳಗೆ ಬೇರಿಗೆ ಎಷ್ಟು ಜಾಗ ಇದೆ ಅನ್ನೋದ್ರ ಮೇಲೆ. ನೆಲದಲ್ಲಿ ಎರಡಕ್ಕೂ ಮಿತಿ ಇಲ್ಲ, ತೇವ, ಬಿಸಿ ಎರಡೂ ಒಂದೇ ಸಮ ಇರುತ್ತೆ. ಆದ್ರೆ ನೀವು ನೋಡಿದ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಟ್ರೈಡೆಂಟ್ ಮೇಪಲ್ ಇರುತ್ತೆ, ಮೂರು ಬೆರಳಿನ ಎಲೆಯದ್ದು. ಅದು ಬೇರೆ ಗಿಡ. ಅದರ ಬೇರು ಒಂದಕ್ಕೊಂದು ಬೆಸೆದು ತಟ್ಟೆ ಹಾಗೆ ಹರಡುತ್ತೆ, ದೊಡ್ಡ ಗಾಯವೂ ಬೇಗ ಮುಚ್ಚುತ್ತೆ. ನಮ್ಮ ಜಪಾನಿ ಮೇಪಲ್ ಅಷ್ಟು ಗಟ್ಟಿ ಅಲ್ಲ. ತೊಗಟೆ ನಯ. ನೆಲದಲ್ಲಿ ಆರು ಅಡಿ ಬೆಳೆಸಿ ಒಂದೇ ಏಟಿಗೆ ಕಡಿದ್ರೆ ಆ ಗಾಯ ವರ್ಷಗಟ್ಟಲೆ ಮುಖದ ಮೇಲೆ ಇರುತ್ತೆ. ಹುಣಸೆ ಆಗಿದ್ರೆ ಒರಟು ತೊಗಟೆಯಲ್ಲಿ ಮರೆಯಾಗ್ತಿತ್ತು.

ಇನ್ನೊಂದು ತೊಂದರೆ, ನೆಲದಲ್ಲಿ ಸೊಕ್ಕಿದ ಗಿಡ ಗೆಣ್ಣಿಂದ ಗೆಣ್ಣಿಗೆ ಗೇಣು ದೂರ ಬಿಡುತ್ತೆ. ಮೇಪಲ್‌ಗೆ ಹೊಸ ಚಿಗುರು ಬರೋದು ಹೆಚ್ಚಾಗಿ ಗೆಣ್ಣಲ್ಲೇ. ಒಂದಡಿ ಮರದಲ್ಲಿ ಮೊದಲ ಎಂಟಿಂಚಿಗೆ ಒಂದೂ ಗೆಣ್ಣಿಲ್ಲ ಅಂದ್ರೆ ಕೊಂಬೆ ಎಲ್ಲಿಂದ ತರ್ತೀರ? ಕಸಿ ಮಾಡಬೇಕು. ನಿಮಗೆ ಬೇಕಿರೋದು ಒಂದಡಿ ಒಳಗಿನ ಮರ. ಬೋನ್ಸಾಯ್‌ನವ್ರು ಎತ್ತರದ ಆರನೇ ಒಂದು ಭಾಗ ಬುಡ ಇರಲಿ ಅಂತ ಲೆಕ್ಕ ಹೇಳ್ತಾರೆ. ಒಂದಡಿಗೆ ಎರಡಿಂಚು. ಅದಕ್ಕೆ ಪೆಟ್ಟಿಗೆ ಸಾಕು. ನೆಲದಲ್ಲಿ ಹಾಕಿದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಕಾಲ ಹಿಡಿಯುತ್ತೆ, ಅವಸರ ಇಲ್ಲ ಅಂತ ನೀವೇ ಬರೆದಿದೀರ.

ಪೆಟ್ಟಿಗೆ ಹೇಗಿರಬೇಕು: ಅಗಲ, ಆಳ ಕಡಿಮೆ. ಒಂದು ಗಿಡಕ್ಕೆ 45 ಸೆಂಟಿಮೀಟರ್ ಚೌಕ, ಆಳ 12ರಿಂದ 15. ತಳಕ್ಕೆ ಹಲಗೆ ಬೇಡ, ಎರಡು ಪಟ್ಟಿ ಹೊಡೆದು ಮೇಲೆ ಕೋಳಿಗೂಡಿನ ಜಾಲರಿ, ಅದರ ಮೇಲೆ ಶೇಡ್ ನೆಟ್. ಇಲ್ಲಿ ಎಲ್ರೂ ಸಿಲ್ವರ್ ಓಕ್ ಹಲಗೆ ಕೊಡ್ತಾರೆ, ಅದು ಮಳೆಗೆ ಬೇಗ ಕೊಳೆಯುತ್ತೆ, ಅಗಸೆ ಎಣ್ಣೆ ಬಳಿದ್ರೆ ಒಂದೆರಡು ವರ್ಷ ಜಾಸ್ತಿ. ಪೆಟ್ಟಿಗೆ ಆಳ ಕಡಿಮೆ ಆದಷ್ಟೂ ಮಿಶ್ರಣ ದಪ್ಪ ಇರಬೇಕು. ನೀರು ಬಸಿದ ಮೇಲೂ ತಳದಲ್ಲಿ ಒಂದು ಪದರ ಒದ್ದೆ ನಿಂತೇ ಇರುತ್ತೆ, ಆಳವಿಲ್ಲದ ಪೆಟ್ಟಿಗೆಯಲ್ಲಿ ಆ ಪದರ ಬೇರಿನ ಅರ್ಧಕ್ಕೇ ಬಂದುಬಿಡುತ್ತೆ. ನಾನು ಹಾಕೋದು 3ರಿಂದ 6 ಮಿಲಿಮೀಟರ್ ಇಟ್ಟಿಗೆ ಚೂರು ಎರಡು ಪಾಲು, ಇದ್ದಿಲು ಚೂರು ಒಂದು ಪಾಲು, ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು. ಧೂಳು ಪೂರ್ತಿ ತೊಳೆದು ತೆಗೀಬೇಕು. ಅಕ್ಟೋಬರ್, ನವೆಂಬರ್ ಮಳೆಗೆ ಧೂಳಿರೋ ಮಿಶ್ರಣ ಕೆಸರಾಗುತ್ತೆ, ಬೇರು ಕೊಳೆಯುತ್ತೆ.

ಎಲ್ಲಕ್ಕಿಂತ ಮುಖ್ಯ ಕೆಲಸ ಈಗಲೇ, ಮೊಗ್ಗು ಉಬ್ಬಿ ಒಡೆಯೋಕೆ ಮುಂಚೆ. ಸಸಿ ತೊಟ್ಟೆಯಿಂದ ತೆಗೆದು ಮಣ್ಣು ತೊಳೀರಿ. ನೇರ ಕೆಳಗೆ ಹೋಗಿರೋ ತಾಯಿಬೇರು ಕಾಣುತ್ತೆ. ಸುತ್ತಲಿನ ಪಕ್ಕದ ಬೇರುಗಳಿಗಿಂತ ಸ್ವಲ್ಪ ಕೆಳಗೆ ಅದನ್ನ ಚಪ್ಪಟೆಯಾಗಿ ಕತ್ತರಿಸಿ. ಪಕ್ಕದ ಬೇರು ಎಲ್ಲಾ ದಿಕ್ಕಿಗೂ ಬಿಡಿಸಿ, ಒಂದು ಹಂಚಿನ ಚೂರೋ ಹಲಗೆಯೋ ಕೆಳಗಿಟ್ಟು ಅದರ ಮೇಲೆ ಕೂರಿಸಿ. ಜಪಾನಿನ ಬೆಳೆಗಾರರು ಹಲಗೆಯ ಕೆಳಗಿಂದ ಸ್ಕ್ರೂ ಹಾಕಿ ಬುಡವನ್ನೇ ಬಿಗೀತಾರೆ, ಬೇರುಗಳ ಮಧ್ಯೆ ಮೊಳೆ ಹೊಡೆದು ಇಂಥ ಬೇರು ಇಂಥ ದಿಕ್ಕಿಗೆ ಅಂತ ನಿಲ್ಲಿಸ್ತಾರೆ. ನಿಮಗೆ ಅಷ್ಟು ಬೇಡ, ದಾರ ಕಟ್ಟಿದ್ರೆ ಸಾಕು. ಗಿಡ ಅಲ್ಲಾಡಬಾರದು. ಹಳೆ ಸೀಡಿಯ ತೂತಲ್ಲಿ ಸಸಿ ತೂರಿಸಿ ನೆಡೋದನ್ನೂ ನೋಡಿರ್ತೀರ, ಬುಡ ಉಬ್ಬಿ ತೂತು ಬಿಗಿಯಾದಾಗ ಮೇಲಿಂದ ಹೊಸ ಬೇರು ಸುತ್ತ ಬರುತ್ತೆ. ಆದ್ರೆ ಸೀಡಿ ತೂತು 15 ಮಿಲಿಮೀಟರ್, ಪೆನ್ಸಿಲ್ ದಪ್ಪದ ಸಸಿಗೆ ಅದು ಬಿಗಿಯಾಗೋಕೆ ವರ್ಷಗಳು ಬೇಕು.

ಈ ಕೆಲಸ ಮಾಡದೆ ನೆಲಕ್ಕೆ ಹಾಕಿದ್ರೂ ಅಷ್ಟೇ, ಪೆಟ್ಟಿಗೆಗೆ ಹಾಕಿದ್ರೂ ಅಷ್ಟೇ. ಬುಡ ದಪ್ಪ ಆಮೇಲೂ ಮಾಡಬಹುದು. ಒಂದೇ ಕಡೆ ಹೋದ ಬೇರನ್ನ ಹತ್ತನೇ ವರ್ಷದಲ್ಲಿ ಸುತ್ತ ಹರಡೋಕೆ ಆಗಲ್ಲ.

ಬದಿಯಡ್ಕದವ:

ಅಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಉಪಕಾರ ಆಯಿತು. ಬಟಾಟೆಯ ವಿಷಯ ನನ್ನ ತಲೆಗೇ ಹೋಗಿರಲಿಲ್ಲ. ಯಜಮಾನರ ಹತ್ತಿರ ಕೇಳಿದೆ. ಬಟಾಟೆ ಒಂದೇ ಅಲ್ಲ, ನಡುವೆ ಸ್ಟ್ರಾಬೆರಿ ಕೂಡ ಹಾಕಿದ್ದರಂತೆ! ಅಲ್ಲಿಗೆ ಮುಗಿಯಿತು.

ಎರಡು ಸಂಶಯ ಉಳಿಯಿತು. ಒಂದು, ಮನೆಯ ಮುಂದೆ ಗೇಟಿನ ಬದಿಯಲ್ಲಿ ಸಣ್ಣ ಪಟ್ಟಿ ಜಾಗ ಉಂಟು, ಅಲ್ಲಿ ಯಾವತ್ತೂ ಹುಲ್ಲು ಬಿಟ್ಟು ಬೇರೆ ಎಂತದೂ ಬೆಳೆಸಿಲ್ಲವಂತೆ. ಅಲ್ಲಿ ನಾಲ್ಕೈದು ಗಿಡ ನೆಲಕ್ಕೆ ಹಾಕಬಹುದಾ? ಎಲ್ಲವನ್ನೂ ಪೆಟ್ಟಿಗೆಯಲ್ಲೇ ಇಟ್ಟರೆ ಮೂವತ್ತು ಪೆಟ್ಟಿಗೆಗೆ ದಿನವೂ ನೀರು ಹಾಕುವವರು ಯಾರು? ಫೆಬ್ರವರಿ, ಮಾರ್ಚಿನಲ್ಲಿ ಇಲ್ಲಿ ಗಾಳಿ ಒಣ, ಊರಿಗೆ ಹೋದರೆ ನಾಲ್ಕು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡು, ಹಿಮ ಬೀಳುವ ಬೆಳಿಗ್ಗೆ ಎಂತ ಮಾಡುವುದು?

ಹೊಸೂರು ಕ್ರೇಟ್:

ಅಕ್ಕ ಹೇಳಿದ್ದು ಒಪ್ಪಿದೆ, ಮಣ್ಣಿನ ಮೇಲೆ ಕ್ರೇಟ್ ಇಡೋ ಮಾತು ಈ ಜಾಗಕ್ಕೆ ವಾಪಸ್. ಆದ್ರೆ ಒಂದು ತಕರಾರು. ಮೂವತ್ತು ಸಸಿಗೆ ಮೂವತ್ತು ಪೆಟ್ಟಿಗೆ ಯಾಕೆ? ಒಂದು ಕ್ರೇಟಲ್ಲಿ ನಾಲ್ಕು ಹಾಕಿ. ಎರಡು ವರ್ಷ ಆದ ಮೇಲೆ ಯಾವುದು ಚೆನ್ನಾಗಿದೆ ನೋಡಿ ಬಿಡಿಸಿ. ಸಾರ್ ನೀರು ಹಾಕೋಕೆ ಪರದಾಡ್ತಾರೆ ಅಷ್ಟು ಪೆಟ್ಟಿಗೆ ಆದ್ರೆ. ಡ್ರಿಪ್ ಹಾಕಿ, ಟೈಮರ್ ಇಡಿ ಅಂತ ಹೇಳಬಹುದು. ಮಿಶ್ರಣ ಅಷ್ಟು ದಪ್ಪ ಇದ್ರೆ ಡ್ರಿಪ್ ಹನಿ ಪಕ್ಕಕ್ಕೆ ಹರಡಲ್ಲ, ಒಂದೇ ಗೆರೆಯಲ್ಲಿ ಇಳಿದುಹೋಗುತ್ತೆ. ಮೈಕ್ರೋ ಸ್ಪ್ರಿಂಕ್ಲರ್ ತಗೊಳಿ.

ಕೋತಗಿರಿ ಸೊಸೆ:

ನಾಲ್ಕು ಹಾಕೋದು ಸರಿ, ತಮ್ಮ. ಬೇರು ಬಿಡಿಸೋವಾಗ ಕಷ್ಟ ಪಡ್ತಾರೆ, ಆದ್ರೆ ಮೊದಲೆರಡು ವರ್ಷಕ್ಕೆ ನಡೆಯುತ್ತೆ. ಸ್ಪ್ರಿಂಕ್ಲರ್ ಮಾತೂ ಸರಿ. ಬೆಳಗ್ಗೆ ಹಾಕಿ, ಸಂಜೆ ಎಲೆ ಒದ್ದೆ ಬೇಡ.

ಗೇಟಿನ ಪಟ್ಟಿ ಒಳ್ಳೆ ಜಾಗ. ಹುಲ್ಲು, ಜೋಳ, ಗೋಧಿ ಜಾತಿಗೆ ಆ ರೋಗ ಹಿಡಿಯಲ್ಲ, ಹುಲ್ಲೇ ಇದ್ದ ಮಣ್ಣು ಅಂದ್ರೆ ನಂಬಬಹುದು. ಹಿಂದಿನ ತಾಕಿನ ಗುದ್ದಲಿ, ಸನಿಕೆ ತೊಳೀದೆ ಅಲ್ಲಿ ಬಳಸಬೇಡಿ ಅಷ್ಟೇ. ಮೇಲಿನ ತಾಕಿಂದ ಮಳೆನೀರು ಹರಿದು ಬರೋ ಜಾಗವಾ ಅಂತಲೂ ನೋಡ್ಕೊಳಿ.

ಯಾವ ಸಸಿ ನೆಲಕ್ಕೆ, ಯಾವುದು ಪೆಟ್ಟಿಗೆಗೆ ಅಂತ ಗಿಡವನ್ನೇ ಕೇಳಿ. ಬೀಜದಿಂದ ಬಂದ ಮೇಪಲ್ ಒಂದರ ಹಾಗೆ ಇನ್ನೊಂದಿರಲ್ಲ. ದೇಶೋಜೋ, ಕಿಯೋಹಿಮೆ ಅನ್ನೋ ಹೆಸರಿನ ತಳಿಗಳನ್ನ ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಮಾಡೋದು ಅದಕ್ಕೇ. ನಿಮ್ಮ ಮೂವತ್ತರಲ್ಲಿ ಕೆಲವು ದೊಡ್ಡ ಎಲೆ ಬಿಟ್ಟು ಗೆಣ್ಣು ದೂರ ದೂರ ಹಾಕಿರುತ್ತೆ, ಕೆಲವು ಸಣ್ಣೆಲೆ, ಒತ್ತೊತ್ತು ಗೆಣ್ಣು. ಸಣ್ಣೆಲೆಯವು ಪೆಟ್ಟಿಗೆಗೆ. ಅವನ್ನ ನೆಲಕ್ಕೆ ಹಾಕಿ ಸೊಕ್ಕಿಸಿದ್ರೆ ಇರೋ ಗುಣವೇ ಕಾಣದಂಗಾಗುತ್ತೆ. ಒರಟಾದವು ಗೇಟಿನ ಪಟ್ಟಿಗೆ, ಕೆಳಗೆ ಹಂಚು ಇಟ್ಟೇ ಹಾಕಿ. ಬುಡದ ಹತ್ರ ಒಂದು ಕೊಂಬೆ ಕತ್ತರಿಸದೆ ಬೇಕಾದಷ್ಟು ಉದ್ದ ಓಡೋಕೆ ಬಿಡಿ. ಅದು ಮರಕ್ಕಲ್ಲ, ಬುಡ ದಪ್ಪ ಮಾಡೋಕೆ ದುಡಿಯೋ ಕೊಂಬೆ, ಕೆಲಸ ಆದ ಮೇಲೆ ತೆಗೆಯೋದು. ಒಂದೇ ಗೆಣ್ಣಿಂದ ಮೂರು ನಾಲ್ಕು ಚಿಗುರು ಬಂದ್ರೆ ಎರಡೇ ಉಳಿಸಿ, ಇಲ್ಲದಿದ್ರೆ ಅಲ್ಲಿ ಗಂಟು ಉಬ್ಬಿ ಬುಡಕ್ಕಿಂತ ಮೇಲೇ ದಪ್ಪ ಕಾಣುತ್ತೆ.

ನೆಲಕ್ಕೆ ಹಾಕಿದ್ರೂ ಎರಡು ವರ್ಷಕ್ಕೊಮ್ಮೆ ಕಿತ್ತು ಬೇರು ಕತ್ತರಿಸಿ ಮತ್ತೆ ಹಾಕಬೇಕು. ಇದನ್ನ ಯಾರೂ ಮಾಡಲ್ಲ. ನೆಟ್ಟು ಮರೆತು ಏಳನೇ ವರ್ಷ ಬಂದು "ಹೇಗೆ ಕೀಳೋದು" ಅಂತ ಕೇಳೋರನ್ನ ನಾನು ಸಾಕಷ್ಟು ನೋಡಿದೀನಿ. ನೀವು ಬಾಡಿಗೆ ಮನೆಯವ್ರು ಬೇರೆ. ವರ್ಗ ಆದ್ರೆ ಪೆಟ್ಟಿಗೆ ಲಾರಿಗೆ ಏರುತ್ತೆ. ಅದಕ್ಕೇ ನೆಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬೇಡ.

ದೊಡ್ಡ ಕೊಂಬೆ ಕತ್ತರಿಸೋದು ಜನವರಿ ಕೊನೆಗೆ ಬೇಡ. ಮೊಗ್ಗು ಒಡೆಯೋ ಮುಂಚೆ ಕತ್ತರಿಸಿದ್ರೆ ಗಾಯದಿಂದ ರಸ ಸುರೀತಾನೇ ಇರುತ್ತೆ. ಎಲೆ ಬಲಿತು ಗಾಢ ಬಣ್ಣ ಬಂದ ಮೇಲೆ, ಇಲ್ಲಾಂದ್ರೆ ಎಲೆ ಉದುರಿದ ತಕ್ಷಣ. ಗಾಯ ಮುಚ್ಚೋ ಪೇಸ್ಟ್ ಹಚ್ಚಿ. ಅಕ್ಟೋಬರ್ ಮಳೆಯಲ್ಲಂತೂ ಕತ್ತರಿ ಮುಟ್ಟಬೇಡಿ.

ಹಿಮ: ಮಲಗಿರೋ ಗಿಡಕ್ಕೆ ನಮ್ಮ ಬೆಟ್ಟದ ಹಿಮ ಏನೂ ಮಾಡಲ್ಲ, ಅದಕ್ಕೆ ಬೇಕಿರೋದೇ ಅದು. ಭಯ ಇರೋದು ಚಿಗುರು ಬಂದ ಮೇಲೆ ಬೀಳೋ ಹಿಮಕ್ಕೆ. ಫೆಬ್ರವರಿಯಲ್ಲಿ ಆಕಾಶ ಶುಭ್ರ ಇದ್ದು ಗಾಳಿ ನಿಂತ ರಾತ್ರಿ ಪೆಟ್ಟಿಗೆಗಳನ್ನ ಸೂರಿನ ಕೆಳಗೆ ಸರಿಸಿ. ಗೇಟಿನ ಗಿಡಗಳಿಗೆ ನಾಲ್ಕು ಕಡ್ಡಿ ನೆಟ್ಟು ಗೋಣಿ ಹೊದಿಸಿ, ಎಲೆಗೆ ತಾಗಬಾರದು, ಬೆಳಗ್ಗೆ ತೆಗೀರಿ. ಕೆಳಗಿನ ತಾಕಿಗೆ ತಣ್ಣಗಿನ ಗಾಳಿ ಇಳಿದು ನಿಲ್ಲುತ್ತೆ, ಪೆಟ್ಟಿಗೆ ಅಲ್ಲಿಡಬೇಡಿ.

ಕಾಟಿಗೆ ಮೇಪಲ್ ಎಲೆ ಮೇಲೆ ಅಂಥ ಆಸೆಯೇನಿಲ್ಲ, ತುಳಿದುಕೊಂಡು ಹೋಗುತ್ತೆ ಅಷ್ಟೇ. ಹಂದಿ ಬೇರೆ. ಕಡಲೆ ಹಿಂಡಿ, ಬೇವಿನ ಹಿಂಡಿ ಅಂತ ಗೊಬ್ಬರ ಹಾಕ್ತೀರಲ್ಲ, ಕಡಲೆ ಹಿಂಡಿ ವಾಸನೆಗೆ ರಾತ್ರೋರಾತ್ರಿ ಪೆಟ್ಟಿಗೆ ಮಗುಚಿ ಹಾಕುತ್ತೆ. ಬೇವಿನದ್ದು ಹಾಕಿ. ಹರಳು ಹಿಂಡಿ ಬೇಡ, ಮನೆಯಲ್ಲಿ ನಾಯಿ ಇದ್ರೆ ತಿಂದು ಸಾಯುತ್ತೆ.

ಪೆರ್ಲದ ತೋಟದವ:

ಆಯ್ತು ಅಕ್ಕ, ಮೇಪಲ್ ಆಸೆ ಬಿಟ್ಟೆ. ಸ್ವಲ್ಪ ಬೇಸರ ಆಯಿತು, ತೊಂದರೆ ಇಲ್ಲ.

ಇಟ್ಟಿಗೆ ಚೂರಿನ ಬದಲು ನಮ್ಮ ಮುರಕಲ್ಲಿನ ಚೂರು ಆಗುವುದಿಲ್ಲವಾ? ಕೋರೆಯಲ್ಲಿ ಮಿಷಿನ್ ಕೊಯ್ದಲ್ಲಿ ರಾಶಿ ಬಿದ್ದಿರುತ್ತದೆ, ಯಾರಿಗೂ ಬೇಡ. ಗಟ್ಟಿ ಕಲ್ಲಿನದ್ದಾದರೆ ಮಳೆಗಾಲ ಕಳೆದರೂ ಹುಡಿ ಆಗುವುದಿಲ್ಲ, ತೂತು ತೂತು ಇರುವುದರಿಂದ ನೀರೂ ಹಿಡಿಯುತ್ತದೆ. ನನ್ನ ಗೋಳಿಗಳೆಲ್ಲ ಅದರಲ್ಲೇ ಇರುವುದು. ಬದಿಯಡ್ಕದವರು ಊರಿಗೆ ಬಂದಾಗ ಎರಡು ಗೋಣಿ ಕಟ್ಟಿ ಕೊಡುವ.

ಕೋತಗಿರಿ ಸೊಸೆ:

ಆಗುತ್ತೆ. ಕಬ್ಬಿಣದ ಅಂಶದ ಹುಳಿ ಕಲ್ಲು, ಮೇಪಲ್‌ಗೆ ಸ್ವಲ್ಪ ಹುಳಿ ಮಣ್ಣೇ ಇಷ್ಟ. ಹಳದಿ ಮೆದು ಕಲ್ಲಿನದ್ದು ತೆಗೀರಿ, ಕಪ್ಪು ಕೆಂಪು ಗಟ್ಟಿ ಚೂರು ಮಾತ್ರ ಇರಲಿ. ಒಂದು ಚೂರು ನೀರಲ್ಲಿ ರಾತ್ರಿಯೆಲ್ಲ ನೆನೆಸಿ ಬೆಳಗ್ಗೆ ಬೆರಳಲ್ಲಿ ಹಿಸುಕಿ ನೋಡಿ, ಪುಡಿ ಆದ್ರೆ ಬೇಡ. ಅಲ್ಲೇ ಜರಡಿ ಹಿಡಿದು ತೊಳೆದು ತನ್ನಿ, ಘಾಟಿ ಹತ್ತಿಸೋದು ಕಲ್ಲನ್ನ ಮಾತ್ರ, ಧೂಳನ್ನಲ್ಲ.

ಬದಿಯಡ್ಕದವ:

ಹಾಗಾದರೆ ಹೀಗೆ ಮಾಡುತ್ತೇನೆ. ಈ ವಾರ ಎಲ್ಲಾ ಸಸಿ ತೊಟ್ಟೆಯಿಂದ ಬಿಡಿಸಿ ತಾಯಿಬೇರು ಕತ್ತರಿಸುವುದು, ಈ ಸಲಕ್ಕೆ ಇಟ್ಟಿಗೆ ಚೂರಿನಲ್ಲೇ. ಕ್ರೇಟಿಗೆ ನಾಲ್ಕರಂತೆ, ಒರಟಾದ ನಾಲ್ಕು ಗೇಟಿನ ಬದಿಗೆ. ಹಿಂದಿನ ತಟ್ಟಿನಲ್ಲಿ ಯಜಮಾನರಿಗೆ ಜೋಳ ಹಾಕಲಿಕ್ಕೆ ಹೇಳಿದ್ದೇನೆ, ಅವರಿಗೂ ಬೇಕಂತೆ. ಪೆರ್ಲದವರೇ, ವಿಷುವಿಗೆ ಊರಿಗೆ ಬರುವುದುಂಟು. ಎರಡು ಗೋಣಿ ಬೇಡ, ಬಸ್ಸಿನಲ್ಲಿ ಒಂದೇ ಆಗುವುದು.